‘ಪಾಸ್’ ಅಂದ್ರ ಏನ್ರಿ ಸರ?

ನನಗಿಂತ ಹನ್ನೊಂದು ವರ್ಷ ಚಿಕ್ಕವರಾದರೂ ನನ್ನ ರಜೆ ಅರ್ಜಿಗಳಿಗೆಲ್ಲ ಮುಖ ಸಿಂಡರಿಸದೆ ಸಹಿ ಹಾಕಿದ, ಈ ಸಭೆಯ ಅಧ್ಯಕ್ಷರೂ ನಮ್ಮ ಮುಖ್ಯಗುರುಗಳೂ ಆದ ಶ್ರೀ ವಿಶ್ವರಾಧ್ಯ ಅವರೇ, ಶಹಾಪುರದಿಂದ ಇಂಥ ಬಿಸಿಲಿನಲ್ಲಿ ಬಂದು ಒಂದೂವರೆ ತಾಸಿನಿಂದ ಅಲುಗಾಡದೆ ಕುಳಿತಿರುವ ಅತಿಥಿ ಮಹನೀಯರೇ, ಎಸ್‌ಡಿಎಂಸಿ ಸದಸ್ಯರೇ, ನನ್ನ ಸಹೋದ್ಯೋಗಿ ಮಿತ್ರರೇ, ಅಡುಗೆ ಮನೆಯ ತಾಯಂದಿರೇ, ಹಿಂದಿನ ಬಾಗಿಲ ಹತ್ತಿರ ನಿಂತು ನನ್ನ ಮಾತಿಗಿಂತ ಹೆಚ್ಚಾಗಿ ಊಟದ ವಾಸನೆಗೆ ಕಾಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಮತ್ತು ಸಭಿಕರೇ.

ಮೊದಲೇ ಹೇಳಿಬಿಡುತ್ತೇನೆ, ನನಗೆ ದಣಿವಾಗಿದೆ. ಇದು ಇವತ್ತಿನ ದಣಿವಲ್ಲ. ನನ್ನದಲ್ಲದ ಒಂದು ಭಾಷೆಯನ್ನು, ಅದೂ ಊಟವಾದ ಮೇಲಿನ ಪಿರಿಯಡ್ಡಿನಲ್ಲಿ, ಮೂವತ್ತೊಂದು ವರ್ಷ ಕಲಿಸಿದವನ ದಣಿವು. ಮೇಲಾಗಿ ಇವತ್ತು ಮೇ ಮೂವತ್ತೊಂದು. ನೀವು ಪ್ರೀತಿಯಿಂದ ಹೊದಿಸಿದ ಮೂರು ಶಾಲುಗಳು ನನ್ನ ಹೆಗಲ ಮೇಲಿವೆ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ನಿವೃತ್ತನಾದವನಿಗೆ ಶಾಲು ಹೊದಿಸುವುದು ಸನ್ಮಾನವೋ, ಅವನು ಸರ್ಕಾರಕ್ಕೆ ಮಾಡಿದ ಕೆಲಸಕ್ಕೆ ಶಿಕ್ಷೆಯೋ, ನನಗಿನ್ನೂ ಗೊತ್ತಾಗಿಲ್ಲ. ನಗಬೇಡಿ, ಒಂದನ್ನು ತೆಗೆದು ಕುರ್ಚಿಯ ಮೇಲೆ ಇಡುತ್ತೇನೆ. ಹೊದಿಸಿದವರು ಬೇಜಾರು ಮಾಡಿಕೊಳ್ಳಬಾರದು.

ನಿರೂಪಣೆ ಮಾಡಿದ ಶಿವರಂಜನಿ ಮೇಡಂ ನನ್ನನ್ನು ಪರಿಚಯಿಸುವಾಗ ‘ಊರಿನ ಜನ ಪ್ರೀತಿಯಿಂದ ಪಾಸ್ ಮಾಸ್ತರ ಎಂದು ಕರೆಯುವ ಶ್ರೀ ಸಂಗಮನಾಥ ಸರ್’ ಎಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಹದಿಮೂರು ವರ್ಷದಿಂದ ಆ ಹೆಸರು ಕೇಳಿದಾಗಲೆಲ್ಲ ನಗುತ್ತಲೇ ಬಂದಿದ್ದೇನೆ. ಈಗ ದವಡೆ ನೋಯುತ್ತದೆ.

ಕಾರ್ಯಕ್ರಮ ಪಟ್ಟಿ ನನ್ನ ಕೈಯಲ್ಲಿದೆ. ನನ್ನ ಮಾತು ಮುಗಿದ ಮೇಲೆ ‘ಅಡುಗೆ ಸಿಬ್ಬಂದಿಯ ಪರವಾಗಿ ಶ್ರೀಮತಿ ತಿಮ್ಮವ್ವ ಅವರಿಂದ ಮಾಲಾರ್ಪಣೆ’ ಎಂದು ಬರೆದಿದ್ದಾರೆ. ತಿಮ್ಮವ್ವ ಅಲ್ಲಿ ಎರಡನೇ ಸಾಲಿನ ತುದಿಯಲ್ಲಿ ಕುಳಿತಿದ್ದಾರೆ. ಹಾರ ಅವರ ತೊಡೆಯ ಮೇಲಿದೆ. ಬಾಡಬಾರದೆಂದು ನೀರು ಚಿಮುಕಿಸಿ ಚಿಮುಕಿಸಿ ಅವರ ಸೀರೆಯೇ ತೊಯ್ದಿದೆ. ಆ ಹಾರ ನನ್ನ ಕೊರಳಿಗೆ ಬೀಳುವ ಮೊದಲು ನಾನು ಅವರಿಗೆ ಒಂದು ಮಾತು ಹೇಳಬೇಕಾಗಿದೆ. ಹೇಳಿದ ಮೇಲೆ ಹಾಕುವುದು, ಬಿಡುವುದು ಅವರಿಗೆ ಬಿಟ್ಟದ್ದು. ಆದರೆ ಅಲ್ಲಿಗೆ ಮುಟ್ಟಲು ನನಗೆ ಸ್ವಲ್ಪ ಸುತ್ತು ದಾರಿ ಬೇಕು. ಮಾಸ್ತರರು ಯಾವತ್ತು ನೇರವಾಗಿ ವಿಷಯಕ್ಕೆ ಬಂದಿದ್ದಾರೆ ಹೇಳಿ?

ಪಾಸ್. ಎರಡೇ ಅಕ್ಷರ. ಸುರಪುರದಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಅಪ್ಪನಿಗೆ ಗೊತ್ತಿದ್ದ ಇಂಗ್ಲಿಷು ಇದೊಂದೇ. ನಾನು ಅಂಕಪಟ್ಟಿ ಹಿಡಿದು ಅಂಗಡಿಯ ಮುಂದೆ ನಿಂತರೆ ತಕ್ಕಡಿಯಿಂದ ಕಣ್ಣೆತ್ತದೆ ಕೇಳುತ್ತಿದ್ದ: “ಪಾಸೋ, ಇಲ್ಲೋ?” ಇಂಗ್ಲಿಷಿನಲ್ಲಿ ಎಷ್ಟು, ಗಣಿತದಲ್ಲಿ ಎಷ್ಟು, ಒಂದೂ ಕೇಳುವವನಲ್ಲ. ಪಾಸು ಎಂದರೆ ಬೆಲ್ಲದ ಒಂದು ಚೂರು ಸಿಗುತ್ತಿತ್ತು. ಹಾಗಾಗಿ ಆ ಶಬ್ದಕ್ಕೆ ನನ್ನ ಬಾಯಲ್ಲಿ ಬಹಳ ವರ್ಷ ಬೆಲ್ಲದ ರುಚಿ ಇತ್ತು.

ನೌಕರಿಗೆ ಬಂದ ಮೇಲೆ ನೋಡುತ್ತೇನೆ, ನನ್ನ ದಪ್ಪ ನಿಘಂಟಿನಲ್ಲಿ ಈ ಶಬ್ದ ಒಂದೂವರೆ ಪುಟ ಹಿಡಿದುಕೊಂಡು ಮಲಗಿದೆ. ಪರೀಕ್ಷೆಯಲ್ಲಿ ಪಾಸು. ಬಸ್ಸಿಗೆ ಪಾಸು. ಕಡೇಚೂರಿನ ಕಾರ್ಖಾನೆಗೆ ಹೋದ ನನ್ನ ವಿದ್ಯಾರ್ಥಿಯೊಬ್ಬ ಬಂದು “ಸರ, ಗೇಟ್ ಪಾಸ್ ಸಿಕ್ತು” ಎಂದಾಗ ಅವನ ಮುಖದಲ್ಲಿದ್ದ ಸಂತೋಷ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಇರಲಿಲ್ಲ. ಯಾದಗಿರಿ ಬಸ್ ನಿಲ್ದಾಣದಲ್ಲಿ ಶೇಂಗಾ ಮಾರುವವರು ‘ಟೈಂಪಾಸ್, ಟೈಂಪಾಸ್’ ಎಂದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಪಾಪ, ಟೈಮು ಪಾಸಾಗುವುದಕ್ಕೆ ಶೇಂಗಾ ಬೇಕೇ? ಅದು ಯಾರನ್ನೂ ಕೇಳದೆ ಹೋಗಿಬಿಡುತ್ತದೆ. ಇನ್ನು ನನ್ನ ವಯಸ್ಸಿನವರು ಡಾಕ್ಟರರ ಹತ್ತಿರ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, “ಮಾಸ್ತರ್ರೆ, ಸರಿಯಾಗಿ ಪಾಸಾಗ್ತದೇನ್ರಿ?” ನಾನು ತಲೆ ತಗ್ಗಿಸಿ, “ಇಲ್ರಿ ಸಾಹೇಬ್ರ, ಫೇಲು” ಎಂದೆ. ಬದುಕಿನಲ್ಲಿ ನಾನು ಒಪ್ಪಿಕೊಂಡ ಮೊದಲ ಫೇಲು ಅದು.

ಎರಡನೆಯದನ್ನು ಒಪ್ಪಿಕೊಳ್ಳಲು ಇಲ್ಲಿ ನಿಂತಿದ್ದೇನೆ.

ಇನ್ನೊಂದು ಅರ್ಥವಿದೆ. ಅದು ನಿಘಂಟಿನಲ್ಲಿಲ್ಲ, ನಮ್ಮ ವಹಾಬನ ಆಟೋದಲ್ಲಿದೆ. ವಹಾಬ ಎಲ್ಲಿದ್ದಾನೆ? ಹಾಂ, ಮೈಕಿನ ವಾಯರು ಹಿಡಿದುಕೊಂಡು ಅಲ್ಲೇ ನಿಂತಿದ್ದಾನೆ. ನಮ್ಮ ಈ ಗೋಗಿಗೂ ಶಹಾಪುರಕ್ಕೂ ಇವನ ಆಟೋದಲ್ಲಿ ಹೋಗದವರು ಈ ಸಭೆಯಲ್ಲಿ ಯಾರೂ ಇಲ್ಲ. ಮೂರು ಜನರ ಸೀಟಿನಲ್ಲಿ ಆರು ಜನ ಕುಳಿತ ಮೇಲೂ ಏಳನೆಯವನನ್ನು ಹತ್ತಿಸಿಕೊಂಡು ಏನೆನ್ನುತ್ತಾನೆ? “ಪಾಸ್ ಪಾಸ್ ಬೈಠೋ, ಪಾಸ್ ಪಾಸ್!” ನಾನು ಈ ಊರಿಗೆ ಹೊಸದಾಗಿ ಬಂದಾಗ, ಇದೇನಪ್ಪಾ, ಇವನೂ ಪರೀಕ್ಷೆ ನಡೆಸುತ್ತಾನಲ್ಲ ಎಂದುಕೊಂಡಿದ್ದೆ. ಅವರ ಉರ್ದು ಮಾತಿನಲ್ಲಿ ಪಾಸ್ ಎಂದರೆ ಹತ್ತಿರ. ಹತ್ತಿರ ಹತ್ತಿರ ಸರಿದು ಕುಳಿತುಕೊಳ್ಳಿ ಎಂದು ಅರ್ಥ. ಇದನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ. ಪರೀಕ್ಷೆಗೆ ಬರುವ ಪ್ರಶ್ನೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಹಾಗೆ.

ಈಗ ಹದಿಮೂರು ವರ್ಷದ ಹಿಂದಿನ ಆ ಕಥೆ. ಊರಿಗೆಲ್ಲ ಗೊತ್ತಿರುವ ಕಥೆಯೇ. ಆದರೆ ಅತಿಥಿಗಳಿಗೆ ಗೊತ್ತಿಲ್ಲ, ಮತ್ತು ಊರಿಗೆ ಗೊತ್ತಿರುವುದು ಅರ್ಧ.

ಅದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಇಂಥದೇ ಮೇ ತಿಂಗಳು, ಮುಂಜಾನೆ ಒಂಬತ್ತು ಗಂಟೆ. ಆಗಿನ ಮುಖ್ಯಗುರುಗಳು ಪಟ್ಟಿ ತರಲು ಶಹಾಪುರಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ನಾನೊಬ್ಬನೇ ಕುಳಿತಿದ್ದೆ. ಬರಗಾಲವೆಂದು ಆ ವರ್ಷ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆದಿತ್ತು. ಅದರ ಅಡುಗೆ ಮಾಡುವ ತಿಮ್ಮವ್ವ ಬಂದರು. ಅವರ ಮಗಳು ಅನುರಾಧಾ ಆ ವರ್ಷ ಪರೀಕ್ಷೆ ಬರೆದಿದ್ದಳು. ಗಂಡ ಅಮರಪ್ಪ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದ. ಫಲಿತಾಂಶವನ್ನು ಅಲ್ಲಿಯೇ ಕಂಪ್ಯೂಟರಿನಲ್ಲಿ ನೋಡಿಸಿ ಮೊದಲು ನಾನೇ ತಿಳಿಸುತ್ತೇನೆ ಎಂದು ಹಿಂದಿನ ದಿನ ಮಗಳಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದನಂತೆ.

ತಿಮ್ಮವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಮ್ಮ ಸಣ್ಣ ಫೋನನ್ನು ನನ್ನ ಮೇಜಿನ ಮೇಲಿಟ್ಟರು. ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟರು. ನಮ್ಮಿಬ್ಬರ ನಡುವೆ ಅದೇ ರೂಢಿ.

“ಸರ, ಈಗರೆ ಮೆಸೇಜ್ ಬಂದದ್ರಿ. ಇವ್ರಪ್ಪ ಕಳಿಸ್ಯಾನ ಕಾಣಸ್ತದ. ಇಂಗ್ಲಿಷನ್ಯಾಗ ಅದ. ಏನ್ ಬರದಾನ ನೋಡ್ರಿ. ಪಾಸೇನ್ರಿ?”

ನಾನು ನೋಡಿದೆ. ಬಾಗಿಲ ಹತ್ತಿರ ಅನುರಾಧಾ ಎರಡೂ ಕೈಯಲ್ಲಿ ಕಂಬ ಹಿಡಿದು ನಿಂತಿದ್ದಳು. ನಾನು ಅವಳನ್ನೂ ನೋಡಿದೆ. ಆಮೇಲೆ ತಿಮ್ಮವ್ವನ ಕಡೆಗೆ ತಿರುಗಿ ಒಂದೇ ಮಾತು ಹೇಳಿದೆ.

“ಪಾಸ್.”

“ಹೌದ್ರಿ? ಖರೇನ್ರಿ?”

“ಖರೆ.”

“ಅನೂ, ಪಾಸಂತ ಬೇ! ನಿಮ್ಮಪ್ಪನ ಬರದಾನ!”

ಆ ಹೆಣ್ಣುಮಗಳು ಅಡುಗೆ ಮನೆಗೆ ಓಡಿದ್ದು ನನ್ನ ಕಣ್ಣ ಮುಂದೆ ಇನ್ನೂ ಇದೆ. ಸಕ್ಕರೆ ಡಬ್ಬಿ ತಂದರು. ಜವಾನನಿಗೆ ಕೊಟ್ಟರು, ನೀರಿನ ಟ್ಯಾಂಕರಿನವನಿಗೆ ಕೊಟ್ಟರು, ರಸ್ತೆಯಲ್ಲಿ ಹೋಗುವವರನ್ನು ಕರೆದು ಕರೆದು ಕೊಟ್ಟರು. ಕೊನೆಗೆ ನನ್ನ ಮುಂದೆ ನಿಂತರು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹೇಳಬೇಕೆಂದು ಬರೆದುಕೊಂಡು ಬಂದದ್ದಲ್ಲ, ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ನಾನು ತಿಮ್ಮವ್ವ ಮಾಡಿದ ಅಡುಗೆಯನ್ನು ಉಂಡವನಲ್ಲ. ಮನೆಯಿಂದ ಬುತ್ತಿ ತರುತ್ತಿದ್ದೆ. ಯಾಕೆ ಸರ್ ಎಂದು ಕೇಳಿದವರಿಗೆ, ನನ್ನ ಹೊಟ್ಟೆ ನಾಜೂಕು ಎನ್ನುತ್ತಿದ್ದೆ. ಅದು ಹೊಟ್ಟೆಯ ಮಾತಲ್ಲ ಎಂದು ಕೇಳಿದವರಿಗೂ ಗೊತ್ತಿತ್ತು, ತಿಮ್ಮವ್ವನಿಗೂ ಗೊತ್ತಿತ್ತು. ಅನ್ನ ಸಾರು ಬಡಿಸುತ್ತ ಬಂದವರು ನನ್ನ ಮುಂದೆ ಮಾತ್ರ ನಿಲ್ಲದೆ ಮುಂದೆ ಹೋಗುತ್ತಿದ್ದರು. ಐದು ವರ್ಷ ಹಾಗೆಯೇ ನಡೆದಿತ್ತು.

ಆ ದಿನ ಮಾತ್ರ ನಿಂತರು. “ಸರ, ಕೈ ಹಿಡೀರಿ. ಇವತ್ತೊಂದಿನ ಬ್ಯಾಡ ಅನಬ್ಯಾಡ್ರಿ.”

ನಾನು ಕೈ ಹಿಡಿದೆ. ಸಕ್ಕರೆ ತಿಂದೆ.

ಮುಂದಿನದು ನಿಮಗೆ ಗೊತ್ತು. ಹನ್ನೆರಡಕ್ಕೆ ಪಟ್ಟಿ ಬಂತು. ಅನುರಾಧಾಳ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಇಪ್ಪತ್ತಾರು, ನನ್ನದೇ ವಿಷಯದಲ್ಲಿ ಫೇಲು. ಸಕ್ಕರೆ ತಿಂದವರೆಲ್ಲ ನನ್ನ ಮುಖ ನೋಡಿದರು. ಒಂದು ಗಂಟೆಗೆ ತಿಮ್ಮವ್ವನ ಫೋನು ಹೊಡೆದುಕೊಂಡಿತು. ಆ ಕಡೆಯವನು ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದಾನೆಂದು ಅವರು ಫೋನನ್ನು ವಹಾಬನ ಕೈಗೆ ಕೊಟ್ಟರು. ಅಮರಪ್ಪ ಬೆಳಗಿನ ಜಾವ ನಾಲ್ಕು ಗಂಟೆಗೆ ಎದೆನೋವು ಬಂದು ತೀರಿಕೊಂಡಿದ್ದ. ಮುಂಜಾನೆ ಬಂದದ್ದು ಅವನ ಮೆಸೇಜಲ್ಲ, ಅವನ ಜೊತೆ ಕೆಲಸ ಮಾಡುವ ಮೇಸ್ತ್ರಿ ಯಾರ ಕೈಯಿಂದಲೋ ಬರೆಸಿ ಕಳಿಸಿದ್ದು. ಉತ್ತರ ಬರಲಿಲ್ಲವೆಂದು ಅವನು ಈಗ ಫೋನು ಮಾಡಿದ್ದ.

ಅಷ್ಟೊತ್ತಿಗೆ ಶಹಾಪುರದಿಂದ ಹತ್ತೂವರೆಗೆ ಹೊರಡುವ ಹೈದರಾಬಾದಿನ ಬಸ್ಸು ಹೋಗಿಬಿಟ್ಟಿತ್ತು. ಆ ಬಸ್ಸಿಗೆ ಹತ್ತಿದ್ದರೆ ಸಂಜೆಯೊಳಗೆ ಮುಟ್ಟುತ್ತಿದ್ದರು. ತಿಮ್ಮವ್ವ, ಅನುರಾಧಾ, ಜೊತೆಗೆ ಮಾತು ಬಲ್ಲವನೆಂದು ವಹಾಬ, ಮೂವರೂ ಯಾದಗಿರಿಗೆ ಹೋಗಿ ರೈಲು ಹಿಡಿದು ಮರುದಿನ ಮುಂಜಾನೆ ಅಲ್ಲಿ ಮುಟ್ಟಿದರು. ಬೇಸಿಗೆಯಲ್ಲಿ ಹೆಣ ಇಟ್ಟುಕೊಳ್ಳಲು ಅವರಿಗೆ ಜಾಗವಿರಲಿಲ್ಲ. ಮನೆಯವರು ಯಾರೂ ಬರಲಿಲ್ಲವೆಂದು ಹಿಂದಿನ ದಿನ ಸಂಜೆಯೇ ಮಣ್ಣು ಮಾಡಿದ್ದರು. ತಿಮ್ಮವ್ವನಿಗೆ ಗಂಡನ ಮುಖ ಸಿಗಲಿಲ್ಲ. ಅನುರಾಧಾಳಿಗೆ ಅಪ್ಪನ ಮೇಲೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ.

ಅಲ್ಲಿ ಏನಾಯಿತೆಂದು ವಹಾಬ ನನಗೆ ಒಮ್ಮೆ ಹೇಳಿದ್ದ. ಹೇಳಬಾರದಿತ್ತು ಎಂದು ಆಮೇಲೆ ಅವನೇ ನೊಂದುಕೊಂಡ. ಕಟ್ಟಡದ ಕಾವಲುಗಾರನನ್ನು ಸ್ಮಶಾನ ಎಲ್ಲಿದೆ ಎಂದು ಕೇಳಿದರಂತೆ. ಅವನು ಕೈ ತೋರಿಸಿ, “ಪಾಸಿಚ್ ಹೈ ಅಮ್ಮಾ, ಪಾಸಿಚ್ ಹೈ” ಎಂದನಂತೆ. ತಿಮ್ಮವ್ವ ರಸ್ತೆಯ ಮೇಲೆಯೇ ಕುಸಿದು ಕುಳಿತರಂತೆ.

“ವಹಾಬ, ಇವ್ನೂ ಪಾಸ ಅಂತಾನಲ್ಲೋ! ಏನ್ ಪಾಸೋ ಯಪ್ಪಾ ಇದು? ಯಾರ್ ಪಾಸಾದ್ರೋ?”

“ಯವ್ವಾ, ನಮ್ಮ ಮಾತಿನ್ಯಾಗ ಪಾಸಂದ್ರ ಹತ್ರ. ಇಲ್ಲೇ ಹತ್ರ ಅದ ಅಂತಾನವಾ. ಏಳು, ಹೋಗಮು.”

ಹದಿನೈದು ದಿನವಾದ ಮೇಲೆ ತಿಮ್ಮವ್ವ ಶಾಲೆಗೆ ಬಂದರು. ನಾನು ಬೈಗಳಿಗೆ ತಯಾರಾಗಿ ಕುಳಿತಿದ್ದೆ. ಅವರು ಬೈಯಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಪಾಸ್ ಅಂದ್ರ ಏನ್ರಿ ಸರ?”

ನಾನು ತೊದಲುತ್ತ ಹೇಳಿದೆ, ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಬಹಳ ಅರ್ಥವಿದೆ, ಪರೀಕ್ಷೆಯಲ್ಲಿ ಪಾಸಾಗುವುದಕ್ಕೂ ಅದೇ ಶಬ್ದ, ತೀರಿಕೊಳ್ಳುವುದಕ್ಕೂ ಅದೇ ಶಬ್ದ ಎಂದು.

“ಹಂಗೇನ್ರಿ? ಹಂಗಾದ್ರ ನಿಮಗಾದ್ರೂ ಹ್ಯಾಂಗ ತಿಳೀಬೇಕ್ರಿ, ಬಿಡ್ರಿ. ಬರದವ್ರದು ತಪ್ಪು.”

ಊರಿನಲ್ಲಿ ಯಾರಾದರೂ ನನ್ನನ್ನು ಬೈದರೆ ತಿಮ್ಮವ್ವನೇ ಅವರ ಬಾಯಿ ಮುಚ್ಚಿಸುತ್ತಿದ್ದರು. ಸಾಯೋದಕ್ಕೂ ಪಾಸ ಅಂತಾರಂತ, ಪಾಪ, ಸರ್ ಏನ್ ಮಾಡ್ಯಾರು ಎನ್ನುತ್ತಿದ್ದರು. ಜನ ನಗುತ್ತಿದ್ದರು: ಇಂಗ್ಲಿಷ್ ಮಾಸ್ತರನಿಗೇ ಇಂಗ್ಲಿಷ್ ತಿಳಿಯಲಿಲ್ಲವಂತೆ! ನನಗೆ ಈ ಹೆಸರು ಬಂದದ್ದು ಹೀಗೆ. ಅವತ್ತು ಸಕ್ಕರೆ ತಿಂದದ್ದನ್ನು ಕೂಡ ತಿಮ್ಮವ್ವ ಮರೆಯಲಿಲ್ಲ. ದುಃಖದ ನಡುವೆಯೂ ನಾಲ್ಕು ಮಂದಿಯ ಮುಂದೆ ಹೇಳಿದರಂತೆ, “ಏನರೆ ಅನ್ರಿ, ಸರ್ ಅವತ್ತ ನನ್ನ ಕೈಲೆ ತಿಂದ್ರು.”

ಸಭಿಕರೇ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಸ್ವಲ್ಪವೇ ಇದೆ. ಇಷ್ಟು ವರ್ಷ ನೀವು ಬೆಲ್ ಹೊಡೆದಾಗಲೆಲ್ಲ ನಾನು ನಿಲ್ಲಿಸಿದ್ದೇನೆ ಸರ್, ಇವತ್ತೊಂದು ದಿನ ಬಿಡಿ.

ನಾನು ತಪ್ಪಾಗಿ ಓದಲಿಲ್ಲ.

ಆ ಮೆಸೇಜಿನಲ್ಲಿ ಬರೀ ‘ಪಾಸ್ಡ್’ ಎಂದಿರಲಿಲ್ಲ. ‘ಅಮರಪ್ಪ ಪಾಸ್ಡ್ ಅವೇ’ ಎಂದಿತ್ತು. ‘ಅವೇ’ ಎಂಬ ಸಣ್ಣ ಶಬ್ದ ಬಾಲಕ್ಕಿದ್ದರೆ ಅದಕ್ಕೆ ಒಂದೇ ಅರ್ಥ, ಎರಡಿಲ್ಲ. ಇಂಗ್ಲಿಷ್ ಕಲಿಸುವ ಯಾವ ಮಾಸ್ತರನಿಗೂ ಗೊತ್ತಿರುವ ಅರ್ಥ. ಅದರ ಕೆಳಗೆ ಬೆಳಗಿನ ನಾಲ್ಕು ಗಂಟೆಯೆಂದು ಇತ್ತು. ಸಂಜೆಯವರೆಗೆ ಮಾತ್ರ ಇಟ್ಟುಕೊಳ್ಳುತ್ತೇವೆ, ಮನೆಯವರನ್ನು ಕಳಿಸಿ ಎಂದು ಇತ್ತು. ಮೂರೂ ಸಾಲುಗಳನ್ನು ನಾನು ಪೂರ್ತಿ ಓದಿದೆ, ಎರಡು ಸಲ ಓದಿದೆ. ಒಂಬತ್ತು ಗಂಟೆಗೆ ಓದಿದೆ. ಹತ್ತೂವರೆಯ ಬಸ್ಸಿಗೆ ಒಂದೂವರೆ ತಾಸು ಬಾಕಿ ಇತ್ತು.

ಮತ್ತೆ ಯಾಕೆ ಹೇಳಲಿಲ್ಲ? ಹದಿಮೂರು ವರ್ಷದಲ್ಲಿ ನನಗೆ ನಾನೇ ಬಹಳ ಕಾರಣ ಹೇಳಿಕೊಂಡಿದ್ದೇನೆ. ಆ ಹುಡುಗಿಯ ಮುಖ ನೋಡಿ ಕರುಳು ಚುರುಕ್ ಎಂದಿತು ಎಂದುಕೊಂಡೆ. ಮುಖ್ಯಗುರುಗಳು ಬಂದು ಹೇಳಲಿ ಎಂದು ಕಾದೆ ಎಂದುಕೊಂಡೆ. ಎಲ್ಲ ಸುಳ್ಳು. ತಿಮ್ಮವ್ವ ನನ್ನ ಮುಂದೆ ನಿಂತಿದ್ದರು. ಬಾಗಿಲಲ್ಲಿದ್ದ ಆ ಹುಡುಗಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹೇಳಿದರೆ ಆ ಹೆಣ್ಣುಮಗಳು ಅಲ್ಲಿಯೇ ಬೀಳುತ್ತಾಳೆ, ಬಿದ್ದರೆ ನಾನೇ ಹೋಗಿ ಹಿಡಿಯಬೇಕು, ನೀರು ಕುಡಿಸಬೇಕು, ಬೆನ್ನು ಸವರಬೇಕು. ಅವರ ಪಾಸ್ ಹೋಗಬೇಕು, ನಮ್ಮ ವಹಾಬ ಹೇಳುವ ಪಾಸ್. ಅದು ನನಗೆ ಬೇಡವಾಗಿತ್ತು. ಅವರೇ ‘ಪಾಸೇನ್ರಿ’ ಎಂದು ಕೇಳಿದರಲ್ಲ, ಆ ಶಬ್ದವನ್ನೇ ತಿರುಗಿಸಿ ಕೊಟ್ಟೆ. ಸುಳ್ಳೂ ಅಲ್ಲವಲ್ಲ ಎಂದುಕೊಂಡೆ. ‘ಅವೇ’ ಎಂಬುದನ್ನು ಸಕ್ಕರೆಯ ಜೊತೆ ನುಂಗಿಬಿಟ್ಟೆ.

ಆಮೇಲೆ ಊರು ನನ್ನನ್ನು ದಡ್ಡ ಎಂದಾಗ ನನಗೆ ನೆಮ್ಮದಿಯಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ದಡ್ಡನೆಂಬ ಹೆಸರಿನ ಹಿಂದೆ ಅಡಗಿ ಕುಳಿತುಕೊಳ್ಳಲು ಜಾಗ ಸಿಕ್ಕಿತ್ತು. ನೀವು ಪ್ರೀತಿಯಿಂದ ಕರೆದಿರಿ, ನಾನು ಓಗೊಟ್ಟೆ.

ಒಬ್ಬರಿಗೆ ಮಾತ್ರ ಗೊತ್ತಿತ್ತು. ಅನುರಾಧಾ ಮರುವರ್ಷ ಮತ್ತೆ ಪರೀಕ್ಷೆ ಕಟ್ಟಿದಳು. ಸಂಜೆ ಶಾಲೆ ಬಿಟ್ಟ ಮೇಲೆ ಅವಳಿಗೆ ನಾನೇ ಪಾಠ ಹೇಳಿದೆ. ಸಂಗಮನಾಥ ಸರ್ ಮನಸ್ಸು ದೊಡ್ಡದು ಎಂದು ಜನ ಹೇಳಿದರು, ಅದಕ್ಕೂ ಓಗೊಟ್ಟೆ. ಒಂದು ದಿನ ವ್ಯಾಕರಣದ ಪುಸ್ತಕದಲ್ಲಿ ಈ ಪಾಸ್ ಶಬ್ದದ ಬಾಲಗಳ ಪಟ್ಟಿ ಬಂತು. ಅಕ್ಷರಗಳ ಕ್ರಮದಲ್ಲಿ ಮೊದಲನೆಯದೇ ‘ಪಾಸ್ ಅವೇ’. ನಾನು ಎರಡನೆಯದರಿಂದ ಶುರು ಮಾಡಿದೆ.

“ಸರ, ಮೊದಲನೇದು ಬಿಟ್ರಿ.”

“ಅದು ಪರೀಕ್ಷೆಗೆ ಬರಂಗಿಲ್ಲವಾ.”

“ಬರ್ತದ್ರಿ ಸರ” ಎಂದಳು. ಪುಸ್ತಕದಿಂದ ತಲೆ ಎತ್ತಲಿಲ್ಲ.

ಆ ಫೋನು ಅವಳ ಹತ್ತಿರವೇ ಇತ್ತು. ಇಂಗ್ಲಿಷು ಓದಲು ಬಂದ ದಿನ ಅವಳು ಮೊದಲು ಓದಿದ್ದು ಆ ಮೂರು ಸಾಲು. ಕಲಿಸಿದವನು ನಾನೇ. ಅಷ್ಟಾದರೂ ಅವಳು ಅವ್ವನಿಗೆ ಹೇಳಲಿಲ್ಲ, ನನಗೂ ಏನೂ ಅನ್ನಲಿಲ್ಲ. ಪಾಸಾದಳು, ನರ್ಸಿಂಗ್ ಓದಿದಳು. ಈಗ ಯಾದಗಿರಿಯಲ್ಲಿ ಕೆಲಸದಲ್ಲಿದ್ದಾಳೆ. ಅವ್ವನ ಪಕ್ಕದಲ್ಲಿಯೇ ಕುಳಿತಿದ್ದಾಳೆ, ನೋಡಿ.

ಹೋದ ತಿಂಗಳು ಡಾಕ್ಟರರಿಗೆ ತೋರಿಸಿಕೊಳ್ಳಲು ಹೋದಾಗ ನನಗೆ ಚೀಟಿ ಮಾಡಿಸಿ ಕೊಟ್ಟವಳು ಅವಳೇ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ನಿವೃತ್ತಿ ಯಾವಾಗ ಎಂದು ಕೇಳಿದಳು. ಆಮೇಲೆ ತಾನಾಗಿಯೇ ಹೇಳಿದಳು:

“ಸರ, ನಮ್ಮ ವಾರ್ಡಿನ್ಯಾಗ ವಾರಕ್ಕ ಎರಡು ಮೂರು ಸಲ ಮನಿಯವರಿಗೆ ಸಾವಿನ ಸುದ್ದಿ ಹೇಳೋ ಪಾಳಿ ಬರ್ತದ. ನಾವೇನ್ ಮಾಡ್ತೀವಿ ಗೊತ್ತೇನ್ರಿ? ಮೊದಲ ಅವರಿಗೆ ಕೂಡಸ್ತೀವಿ. ಬಾಜೂಕ ಕುಂತು ಕೈ ಹಿಡಕೋತೀವಿ. ಆಮ್ಯಾಲ ಇದ್ದ ಮಾತು ಇದ್ದಂಗ ಹೇಳ್ತೀವಿ. ಎರಡು ನಿಮಿಷದ ಕೆಲಸ ಅದ್ರಿ.”

ನಾನು ಕೈಯಲ್ಲಿದ್ದ ಚೀಟಿಯನ್ನು ಮಡಿಚಿದೆ.

“ನಮ್ಮವ್ವ ನಿಮಗ ಹಾರ ಹಾಕ್ತೀನಿ ಅಂತ ಈಗಲೇ ಕುಣಿಯಾಕತ್ತಾಳ. ನಾ ಹೇಳಂಗಿಲ್ರಿ ಸರ. ನೀವ ಹೇಳ್ರಿ.”

ಇಷ್ಟೇ ಹೇಳಿ ಅವಳು ಎದ್ದು ಒಳಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ದಣಿವಾಗಿದೆ ಎಂದು ಮೊದಲೇ ಹೇಳಿದೆನಲ್ಲ.

ಈಗ ವಂದನೆಗಳನ್ನು ಮುಗಿಸಿಬಿಡುತ್ತೇನೆ, ಕೊನೆಯಲ್ಲಿ ಹೇಳುವ ಸ್ಥಿತಿಯಲ್ಲಿ ಇರುತ್ತೇನೋ ಇಲ್ಲವೋ. ಈ ಬಿಸಿಲಲ್ಲಿ ಬಂದ ಅತಿಥಿಗಳಿಗೆ, ಬೆಲ್ ಹೊಡೆಯದೆ ಬಿಟ್ಟ ಅಧ್ಯಕ್ಷರಿಗೆ, ಶಾಲು ಹೊದಿಸಿದವರಿಗೆ, ಶಾಮಿಯಾನ ಹಾಕಿದವರಿಗೆ, ನನ್ನಿಂದ ಇಂಗ್ಲಿಷು ಕಲಿತವರಿಗೆ, ಕಲಿಯದೆಯೂ ಚೆನ್ನಾಗಿ ಬದುಕುತ್ತಿರುವವರಿಗೆ, ಎಲ್ಲರಿಗೂ ಧನ್ಯವಾದಗಳು. ಉಳಿದ ಎರಡು ಶಾಲುಗಳನ್ನೂ ಇಲ್ಲಿ ಇಡುತ್ತಿದ್ದೇನೆ.

ವಹಾಬ, ಮೈಕಿನ ವಾಯರು ಸ್ವಲ್ಪ ಸಡಿಲ ಬಿಡು. ನಾನು ಕೆಳಗಿಳಿಯುತ್ತೇನೆ. ಇನ್ನೂ ಬಿಡು. ಎರಡನೇ ಸಾಲಿಗೆ ಮುಟ್ಟಬೇಕು. ಅನುರಾಧಾ, ಒಂಚೂರು ಸರಿಯವಾ, ನಾನೂ ಕುಳಿತುಕೊಳ್ಳುತ್ತೇನೆ.

ಏಳಬ್ಯಾಡ್ರಿ ತಿಮ್ಮವ್ವ, ಕೂಡ್ರಿ. ಹಾರ ಅಲ್ಲೇ ಇರಲಿ. ನಿಮ್ಮ ಕೈ ಕೊಡ್ರಿ ಇಲ್ಲಿ. ಅವತ್ತ ಹೇಳಬೇಕಿದ್ದದ್ದು ಈಗ ಹೇಳ್ತೀನಿ.

ತಿಮ್ಮವ್ವ, ಹೈದ್ರಾಬಾದಿಂದ ಮೆಸೇಜ್ ಬಂದದ. ಅನೂನ ರಿಸಲ್ಟ್ ಅಲ್ರಿ ಅದು. ಅಮರಪ್ಪ ತೀರಿಕೊಂಡಾನ. ಇವತ್ತ ನಸಿಕಿನ್ಯಾಗ, ನಾಕ ಗಂಟೆಕ್ಕ. ಸಂಜೀತನಕ ಇಟ್ಟಿರ್ತಾರಂತ. ಈಗ ಒಂಬತ್ತಾಗ್ಯಾದ, ಹತ್ತೂವರಿ ಬಸ್ಸಿಗೆ ಹೋದ್ರ ಮುಖ ಸಿಗ್ತದ. ಏಳ್ರಿ, ನಾನೂ ನಿಮ್ಮ ಸಂಗಟ ಬರ್ತೀನಿ.

ನಮಸ್ಕಾರ್ರಿ, ತಿಮ್ಮವ್ವ.